ಜಾಲತಾಣ ಎಲ್ಲರಿಗೂ ತೆರೆದಿದೆಯೇ?

ಕಿವುಡರ ಮತ್ತು ಅಂಧರ ವಿದ್ಯಾಭ್ಯಾಸದ ವಿಷಯದಲ್ಲಿ ಮೈಸೂರಿಗೆ ಹಳೆಯ ಹೆಸರಿದೆ. ಅವರಿಗಾಗಿ ಇಲ್ಲಿ 1901ರಲ್ಲಿಯೇ ಶಾಲೆ ಆರಂಭವಾಯಿತು. ನಮ್ಮ ಜಯಲಕ್ಷ್ಮಿಪುರಂಗೆ ಸಮೀಪದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದುದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ 1951ರಲ್ಲಿ ರೂಪುಗೊಂಡಿತು. ಓದು ಕಣ್ಣಿಗೆ ದಕ್ಕದಿದ್ದರೆ ಬೆರಳಿಗೆ ದಕ್ಕಲಿ ಎಂಬುದು ಅದರ ತತ್ತ್ವ.

ಈಗ ಓದು ಗಣಕಯಂತ್ರದ ತೆರೆಯ ಮೇಲೆ ಬಂದು ಕುಳಿತಿದೆ. ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ವ್ಯವಹಾರ ಎಲ್ಲವೂ ಜಾಲತಾಣಗಳ ಮೂಲಕವೇ ನಡೆಯುತ್ತವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದರು. ಅವರಲ್ಲಿ ಒಬ್ಬ ವಿದ್ಯಾರ್ಥಿಗೆ ಅರ್ಜಿಯ ಪುಟ ಓದಲು ಬಾರದಿದ್ದರೆ ಅವನು ಕಳೆದುಕೊಳ್ಳುವುದು ಒಂದು ಪುಟವನ್ನಲ್ಲ, ಒಂದು ವರ್ಷವನ್ನು. ಬೇರೆಯವರಿಂದ ತುಂಬಿಸಿಕೊಳ್ಳಬಹುದಲ್ಲ ಎನ್ನುವವರುಂಟು. ಹಾಗೆ ಮಾಡಿದರೆ ತನ್ನ ಗುಪ್ತಪದವನ್ನೂ ಬ್ಯಾಂಕಿನ ಖಾತೆಯ ಸಂಖ್ಯೆಯನ್ನೂ ಪರರ ಕೈಗೆ ಕೊಟ್ಟಂತಾಗುವುದಿಲ್ಲವೇ?

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲ ಅವರಿಗೆ ಎಟಕುವಂತಿರಬೇಕೆಂದು ವಿಧಿಸುತ್ತದೆ. ಇಂತಹ ಸೌಕರ್ಯವು ಸಂವಿಧಾನದ 21ನೆಯ ಅನುಚ್ಛೇದದಲ್ಲಿರುವ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು.

ಹಕ್ಕು ಇದೆ ಎಂದಾದ ಮೇಲೆ, ಒಂದು ಜಾಲತಾಣ ಅದನ್ನು ಮನ್ನಿಸಿದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಇದಕ್ಕೆ ಒಂದು ಅಳತೆಗೋಲು ಬೇಕು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1999ರಲ್ಲಿ ಅಂತಹ ನಿಯಮಗಳನ್ನು ಮೊದಲು ಪ್ರಕಟಿಸಿತು. 2023ರಲ್ಲಿ ಅವುಗಳ 2.2ನೆಯ ಆವೃತ್ತಿ ಬಂದಿತು. ಭಾರತ ಸರ್ಕಾರದ ಜಾಲತಾಣಗಳಿಗೆ ಬೇರೆ ಮಾರ್ಗಸೂಚಿಯೂ 2009ರಿಂದ ಇದೆ. ಆ ನಿಯಮಗಳ ಸಾರವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಪುಟದಲ್ಲಿರುವುದು ಯಾವುದಾದರೂ ಒಂದು ಇಂದ್ರಿಯಕ್ಕೆ ಗೋಚರವಾಗಬೇಕು, ಅದನ್ನು ನಡೆಸಲು ಬರಬೇಕು, ಅದು ಅರ್ಥವಾಗಬೇಕು, ಬಳಸುವ ಸಾಧನ ಯಾವುದಾದರೂ ಕೆಡದೆ ನಿಲ್ಲಬೇಕು.

ಪರೀಕ್ಷೆಗಳಲ್ಲಿ ಅತಿ ಸುಲಭವಾದುದು ಕೀಲಿಮಣೆಯದು. ಮೌಸನ್ನು ಬದಿಗಿರಿಸಿ, ಟ್ಯಾಬ್ ಕೀಲಿಯಿಂದ ಮುಂದೆ ಸಾಗಿ, ಎಂಟರ್ ಕೀಲಿಯಿಂದ ಆಯ್ದು, ಇಡೀ ಅರ್ಜಿಯನ್ನು ತುಂಬಲು ಬರುವುದೇ ಎಂದು ನೋಡಬೇಕು. ಈಗ ಎಲ್ಲಿದ್ದೇವೆಂಬುದನ್ನು ತೋರಿಸುವ ಗೆರೆ ಕಾಣುತ್ತಿರಬೇಕು. ಕ್ರಮ ತಪ್ಪಬಾರದು. ಒಂದು ಪೆಟ್ಟಿಗೆಯೊಳಗೆ ಹೊಕ್ಕು ಹೊರಬರಲಾರದೆ ಸಿಕ್ಕಿಕೊಳ್ಳಬಾರದು. ಕೈ ನಡುಗುವವರೂ ಕಣ್ಣು ಕಾಣದವರೂ ಹೀಗೆಯೇ ಸಾಗುವರು.

ಎರಡನೆಯದು ಮಂದದೃಷ್ಟಿಯವರಿಗಾಗಿ. ಅಕ್ಷರಗಳನ್ನು ಎರಡರಷ್ಟು ಹಿಗ್ಗಿಸಿದರೂ ಯಾವುದೂ ಮರೆಯಾಗಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕಡಮೆಯೆಂದರೆ 4.5ಕ್ಕೆ 1 ಇರಬೇಕು. ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ‘ಕೆಂಪು ಬಣ್ಣದವನ್ನು ತಪ್ಪದೆ ತುಂಬಿರಿ’ ಎಂದಷ್ಟೇ ಬರೆದರೆ ಬಣ್ಣ ಗುರುತಿಸಲಾರದವರಿಗೆ ಅದು ಬರೆಯದಂತೆಯೇ ಸರಿ.

ಮೂರನೆಯದು ಕಿವಿಯ ಪರೀಕ್ಷೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಎನ್.ವಿ.ಡಿ.ಎ. ಎಂಬುದು ಇವುಗಳಲ್ಲಿ ಒಂದು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಇದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ತೆರೆಯನ್ನು ಆರಿಸಿ ಇದೊಂದನ್ನೇ ನಂಬಿ ಕೆಲಸ ಮಾಡಿ ನೋಡಬೇಕು. ಚಿತ್ರದೊಡನೆ ವಿವರಣೆ ಇದೆಯೇ? ‘ಹೆಸರು’, ‘ಜನ್ಮದಿನಾಂಕ’ ಎಂಬ ಸೂಚನೆಗಳು ಆಯಾ ಖಾನೆಗೆ ಅಂಟಿಕೊಂಡಿವೆಯೇ, ಇಲ್ಲವೆ ಬರಿದೆ ಪಕ್ಕದಲ್ಲಿ ಕಾಣುತ್ತಿವೆಯೇ? ಚಿತ್ರದಲ್ಲಿರುವ ವಕ್ರ ಅಕ್ಷರಗಳನ್ನು ನೋಡಿ ಬರೆಯಿರಿ ಎನ್ನುವಲ್ಲಿ ಕೇಳಿ ಬರೆಯುವ ದಾರಿಯೂ ಇದೆಯೇ?

ಕನ್ನಡದ ಪುಟಗಳಲ್ಲಿ ಇದಕ್ಕೂ ಮುಂಚೆ ಮಾಡಬೇಕಾದ ಪರೀಕ್ಷೆಯೊಂದುಂಟು: ಕಾಣುವ ಕನ್ನಡ ನಿಜವಾಗಿಯೂ ಕನ್ನಡವೇ ಎಂಬುದು. ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಇರಿಸಲಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರದ ಮಟ್ಟಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಸ್ಕ್ರೀನ್ ರೀಡರ್ ಆ ಗೊಂದಲವನ್ನೇ ಓದುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೇ ಸ್ವಂತ ಸ್ಥಾನವಿದೆ. ಅದರಲ್ಲಿ ಬರೆದುದು ಮಾತ್ರ ಕಿವಿಗೂ ಕನ್ನಡವಾಗುತ್ತದೆ. ಪರೀಕ್ಷೆ ಸರಳ. ಪುಟದ ಒಂದು ಸಾಲನ್ನು ನಕಲಿಸಿ ಬೇರೆ ಕಡೆ, ಸಾಮಾನ್ಯ ಅಕ್ಷರಶೈಲಿಯಲ್ಲಿ, ಅಂಟಿಸಿರಿ. ಕನ್ನಡ ಉಳಿದರೆ ಸರಿ. ಕಲಸುಮೇಲೋಗರವಾದರೆ ಹಳೆಯ ಸಂಕೇತ. ಸಾಲನ್ನು ಆಯ್ದುಕೊಳ್ಳಲೇ ಬಾರದಿದ್ದರೆ ಅದು ಬಹುಮಟ್ಟಿಗೆ ಕಾಗದದ ಛಾಯಾಚಿತ್ರ. ಸುತ್ತೋಲೆಗಳಲ್ಲಿ ಇಂತಹವನ್ನು ಹೆಚ್ಚಾಗಿ ಕಾಣುತ್ತೇವೆ. ಇದಲ್ಲದೆ, ಪುಟದ ಭಾಷೆ ಕನ್ನಡವೆಂದು ಪುಟದೊಳಗಿನ ಸಂಕೇತದಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಯಂತ್ರ ಇಂಗ್ಲಿಷಿನ ದನಿಯಲ್ಲಿಯೇ ತೊಡಗಬಹುದು.

ನಾಲ್ಕನೆಯದಾಗಿ, ತಪ್ಪುಗಳನ್ನು ತಾನೇ ಹುಡುಕುವ ವೇವ್, ಆಕ್ಸ್ ಮೊದಲಾದ ಸಾಧನಗಳಿವೆ. ವೆಬ್‌ಏಮ್ ಸಂಸ್ಥೆ ಇಂತಹ ಸಾಧನದಿಂದ ಹತ್ತು ಲಕ್ಷ ಮುಖಪುಟಗಳನ್ನು 2025ರಲ್ಲಿ ಶೋಧಿಸಿದಾಗ ನೂರಕ್ಕೆ 94.8ರಲ್ಲಿ ತಪ್ಪುಗಳು ಕಂಡುಬಂದವು. ಸಾವಿರ ಪುಟಗಳನ್ನು ಸೋಸಲು ಇವು ಬಹು ಉಪಯುಕ್ತ. ಆದರೆ ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಎಂಬುದನ್ನು ಸಾಧನ ಬಲ್ಲದು. ಅರಮನೆಯ ಚಿತ್ರಕ್ಕೆ ‘ಚಿತ್ರ 1’ ಎಂದು ಬರೆದರೆ ಅದು ವಿವರಣೆಯಲ್ಲವೆಂಬುದನ್ನು ಅರಿಯದು. ಆದುದರಿಂದ ‘ತಪ್ಪುಗಳು ಸೊನ್ನೆ’ ಎಂಬ ವರದಿಯನ್ನು ನಂಬಿ ಕುಳಿತಿರಬಾರದು.

ಕೊನೆಯದು ಮತ್ತು ಮುಖ್ಯವಾದುದು ಮನುಷ್ಯರ ಪರೀಕ್ಷೆ. ಕಣ್ಣುಳ್ಳವನು ಕಣ್ಣು ಮುಚ್ಚಿಕೊಂಡು ಮಾಡುವ ಪರೀಕ್ಷೆ ಪೂರ್ತಿಯಾಗಲಾರದು; ಪುಟದ ರೂಪ ಅವನ ಮನಸ್ಸಿನಲ್ಲಿ ಆಗಲೇ ಕುಳಿತಿರುತ್ತದೆ. ದಿನವೂ ಸ್ಕ್ರೀನ್ ರೀಡರ್ ಬಳಸುವವರನ್ನು, ಕಿವಿ ಕೇಳದವರನ್ನು, ಕೈಯಾಡದವರನ್ನು ಕರೆದು, ‘ಈ ಅರ್ಜಿಯನ್ನು ತುಂಬಿ ಕಳುಹಿಸಿ’ ಎಂದು ನಿಶ್ಚಿತವಾದ ಕೆಲಸವೊಂದನ್ನು ಒಪ್ಪಿಸಬೇಕು. ನಡುವೆ ಬಾಯಿ ಹಾಕಬಾರದು. ಎಲ್ಲಿ ತಡೆದರು, ಏನನ್ನು ತಪ್ಪಾಗಿ ತಿಳಿದರು, ಎಷ್ಟು ಹೊತ್ತು ಹಿಡಿಯಿತು, ಕೊನೆಗೆ ಕೆಲಸ ಮುಗಿಯಿತೇ ಎಂಬುದನ್ನು ಬರೆದುಕೊಳ್ಳಬೇಕು. ಭಾಷಣದ ಚಲನಚಿತ್ರಕ್ಕೆ ಅಡಿಬರಹವಿಲ್ಲವೆಂಬ ಕೊರತೆಯನ್ನು ಕಿವಿ ಕೇಳದವರು ಮೊದಲ ನಿಮಿಷದಲ್ಲೇ ತೋರಿಸಿಕೊಡುವರು. ಅವರ ಕಾಲಕ್ಕೂ ಶ್ರಮಕ್ಕೂ ತಕ್ಕ ಸಂಭಾವನೆ ಕೊಡುವುದು ನ್ಯಾಯ.

ಈ ಪರೀಕ್ಷೆಗಳು ಒಂದಕ್ಕೊಂದು ಬದಲಿಯಲ್ಲ. ಒಂದರ ಕಣ್ಣು ತಪ್ಪಿಸಿದುದು ಇನ್ನೊಂದಕ್ಕೆ ಸಿಕ್ಕುತ್ತದೆ. ಮೊದಲ ಮೂರಕ್ಕೆ ವಿಜ್ಞಾನದ ಪದವಿಯೂ ಹಣವೂ ಬೇಡ. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವೇ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಕಂಡ ತಪ್ಪನ್ನು ಪುಟದ ವಿಳಾಸದೊಡನೆ ಬರೆದು ಸಂಬಂಧಪಟ್ಟ ಕಚೇರಿಗೆ ಕಳುಹಿಸಿದರೆ ತಿದ್ದಲು ಅವರಿಗೂ ಅನುಕೂಲ. ಮುಂದಿನ ಪ್ರವೇಶದ ಋತು ಬರುವುದಕ್ಕೆ ಮೊದಲು ನಾವು ನಿತ್ಯವೂ ಬಳಸುವ ಪುಟಗಳಿಂದಲೇ ಈ ಕೆಲಸ ಆರಂಭವಾಗಲಿ.