ಕಟಾವಿನ ಸೂಚನೆ ಕಳುಹಿಸುವ ಸರ್ವರಿನ ಬದಲಾವಣೆ



ಗಾಳಪ ನಿಂತಿರುವ ಈ ಮಳೆಗಾಲದಲ್ಲಿ ಕಟಾವಿನ ಪಾಳಿ, ಕಬ್ಬಿನ ವಜನ ಮತ್ತು ಬಿಲ್ಲಿನ ಸೂಚನೆಗಳನ್ನು ನಿಮ್ಮ ಮೊಬೈಲಿಗೆ ಕಳುಹಿಸುವ ಸರ್ವರನ್ನೂ ಅದರ ಡೇಟಾಬೇಸನ್ನೂ ಹೊಸ ಆವೃತ್ತಿಗೆ ಏರಿಸಲಾಗುವುದು. ಕೆಲಸ ನಡೆಯುವ ರಾತ್ರಿ ಯಾವ ಸೂಚನೆಯೂ ಬಾರದು. ಅದು ಗಣಕ ವಿಭಾಗದವರ ಕೆಲಸ, ನಮಗೇನು ಎಂದು ಕೆಲವರು ಕೇಳುತ್ತಾರೆ. ಪಾಳಿಯ ಸೂಚನೆ ತಪ್ಪಿದರೆ ಟೋಳಿ ಬರುವ ಹೊತ್ತಿಗೆ ಹೊಲದಲ್ಲಿ ನೀರು ಹಾಯ್ದಿರುತ್ತದೆ, ಗಾಡಿಗೆ ದಾರಿ ಇರುವುದಿಲ್ಲ. ಕಡಿದ ಕಬ್ಬು ೨೪ ತಾಸಿನೊಳಗೆ ಗಾಣಕ್ಕೆ ಬೀಳದೆ ಬಿಸಿಲಿಗೆ ಬಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಒಡೆಯುತ್ತದೆ. ಹೀಗಾಗಿ ವಿಷಯ ನಿಮ್ಮದೇ.

ಸೂಚನೆ ಕಾರ್ಖಾನೆಯಿಂದ ನೆಟ್ಟಗೆ ನಿಮ್ಮ ಮೊಬೈಲಿಗೆ ಬರುವುದಿಲ್ಲ. ಆ್ಯಪ್ ಹಾಕಿಕೊಂಡಾಗ ಗೂಗಲ್ ಕಂಪನಿಯ ಸೇವೆಯು ಆ ಮೊಬೈಲಿಗೆ ಉದ್ದನೆಯ ಒಂದು ಗುರುತು ಕೊಡುತ್ತದೆ. ಅದಕ್ಕೆ ಟೋಕನ್ ಎನ್ನುತ್ತಾರೆ. ನಮ್ಮ ಡೇಟಾಬೇಸು ಆ ಟೋಕನನ್ನು ನಿಮ್ಮ ಸಭಾಸದ ಸಂಖ್ಯೆಯ ಮುಂದೆ ಬರೆದಿಟ್ಟುಕೊಳ್ಳುತ್ತದೆ. ಸರ್ವರು ಟೋಕನ್ ಹಚ್ಚಿ ಸೂಚನೆಯನ್ನು ಗೂಗಲ್‌ಗೆ ಒಪ್ಪಿಸುತ್ತದೆ, ಗೂಗಲ್ ಮೊಬೈಲಿಗೆ ತಲುಪಿಸುತ್ತದೆ. ಅಂಚೆಯವನಿಗೆ ಕಾಗದ ಕೊಟ್ಟಂತೆಯೇ ಇದು. ವಿಳಾಸ ಹಳೆಯದಾದರೆ ಕಾಗದ ಮುಟ್ಟದು. ಮೊಬೈಲು ಬದಲಿಸಿದರೆ ಅಥವಾ ಆ್ಯಪ್ ತೆಗೆದು ಮತ್ತೆ ಹಾಕಿದರೆ ಟೋಕನ್ ಬದಲಾಗುತ್ತದೆ. ಆ್ಯಂಡ್ರಾಯ್ಡ್ ಮೊಬೈಲು ೨೭೦ ದಿನ ಗೂಗಲ್ ಸೇವೆಯ ಸಂಪರ್ಕಕ್ಕೆ ಬಾರದಿದ್ದರೆ ಅದರ ಟೋಕನ್ ರದ್ದು.

ಗೂಗಲ್ ಹಳೆಯ ಕಳುಹಿಸುವ ಪದ್ಧತಿಯನ್ನು ನಿಲ್ಲಿಸುವುದಾಗಿ ೨೦೨೩ರ ಜೂನ್‌ನಲ್ಲಿ ತಿಳಿಸಿ, ೨೦೨೪ರ ಜುಲೈನಿಂದ ಮುಚ್ಚತೊಡಗಿತು. ಆಗ ಸರ್ವರಿನಲ್ಲಿ ಕಳುಹಿಸುವ ಭಾಗವನ್ನಷ್ಟೇ ಹೊಸ ಪದ್ಧತಿಗೆ ಹೊಂದಿಸಲಾಗಿತ್ತು. ಡೇಟಾಬೇಸು ಮಾತ್ರ ಪೋಸ್ಟ್‌ಗ್ರೆಸ್ ತಂತ್ರಾಂಶದ ೧೨ನೆಯ ಆವೃತ್ತಿಯಲ್ಲೇ ಉಳಿಯಿತು. ಪ್ರತಿ ಮುಖ್ಯ ಆವೃತ್ತಿಗೆ ತಯಾರಕರು ಐದು ವರ್ಷ ದುರಸ್ತಿ ಕೊಡುತ್ತಾರೆ. ೨೦೧೯ರಲ್ಲಿ ಹೊರಬಂದ ೧೨ನೆಯದರ ದುರಸ್ತಿ ೨೦೨೪ರ ನವೆಂಬರಿಗೆ ಮುಗಿಯಿತು. ಈಗ ೧೬ಕ್ಕೆ ಹೋಗಬೇಕಾಗಿದೆ. ಒಂದು ಮುಖ್ಯ ಆವೃತ್ತಿಯ ಕಡತವನ್ನು ಇನ್ನೊಂದು ನೇರವಾಗಿ ಓದಲಾರದು, ಎಲ್ಲವನ್ನೂ ವರ್ಗಾಯಿಸಲೇಬೇಕು. ಹಳೆಯದರ ಕಡತಗಳನ್ನೇ ಹೊಸದಕ್ಕೆ ಜೋಡಿಸಿ ಬೇಗ ಮುಗಿಸುವ ಉಪಾಯ ಒಂದಿದೆ, ಆದರೆ ಹೊಸದು ಒಮ್ಮೆ ಚಾಲೂ ಆದ ಮೇಲೆ ಹಳೆಯದಕ್ಕೆ ಮರಳುವಂತಿಲ್ಲ. ಪೂರ್ತಿ ನಕಲು ಮಾಡಿದರೆ ಜಾಗ ಇಮ್ಮಡಿ ಬೇಕು, ಹೊತ್ತೂ ಹೆಚ್ಚು; ಹಳೆಯದು ಮಾತ್ರ ಹಾಗೇ ಉಳಿಯುತ್ತದೆ. ನಾವು ನಕಲನ್ನೇ ಆರಿಸಿದ್ದೇವೆ. ಒಂದು ರಾತ್ರಿ ಉಳಿಸಲು ಹೋಗಿ ಸಭಾಸದರ ದಪ್ತರ ಪಣಕ್ಕಿಡುವುದು ಜಾಣತನವಲ್ಲ.

ಇನ್ನು ಸರ್ವರಿನ ಹೊಸ ಆವೃತ್ತಿ ದಪ್ತರದ ಕಲಮುಗಳನ್ನೇ ಬದಲಿಸುತ್ತದೆ. ನಿಮಗೆ ಹೆಚ್ಚು ತಟ್ಟುವುದು ಇದೇ. ಹಳೆಯದರಲ್ಲಿ ಒಬ್ಬ ಸಭಾಸದನಿಗೆ ಒಂದೇ ಟೋಕನ್. ಪುಣೆಯಲ್ಲಿರುವ ಮಗ ಅಪ್ಪನ ಸಂಖ್ಯೆಯಿಂದ ಆ್ಯಪ್ ತೆರೆದರೆ ಅಪ್ಪನ ಟೋಕನ್ ಅಳಿಸಿಹೋಗಿ, ಸೂಚನೆ ಪುಣೆಗೆ ಹೋಗುತ್ತಿತ್ತು. ಕಬ್ಬು ಇಲ್ಲಿ, ಸುದ್ದಿ ಅಲ್ಲಿ. ಉತಾರೆ ಹೆಂಡತಿಯ ಹೆಸರಿನಲ್ಲಿ, ಮೊಬೈಲು ಗಂಡನ ಕೈಯಲ್ಲಿ ಇರುವ ಮನೆಗಳಲ್ಲೂ ಇದೇ ಪಾಡು. ಹೊಸದರಲ್ಲಿ ಮೊಬೈಲುಗಳಿಗೆ ಪ್ರತ್ಯೇಕ ಖತಾವಣಿ ಇದ್ದು, ಒಂದು ಸಭಾಸದ ಸಂಖ್ಯೆಗೆ ಎರಡು ಮೂರು ಮೊಬೈಲು ಸೇರಿಸಬಹುದು. ಆದರೆ ಹಿಂದೆ ಅಳಿದುಹೋದ ಟೋಕನ್ ತಾನಾಗಿ ಮರಳದು. ಅಂಥವರು ಆ್ಯಪ್ ತೆರೆದು ಮತ್ತೊಮ್ಮೆ ಪ್ರವೇಶಿಸಬೇಕು.

ಮೊಬೈಲು ಬಂದ್ ಇದ್ದರೆ ಗೂಗಲ್ ಸೂಚನೆಯನ್ನು ನಾಲ್ಕು ವಾರದವರೆಗೆ ಕಾದಿಡಬಲ್ಲದು. ವಜನದ ಸೂಚನೆಗೆ ಇದು ಸರಿ. ಕಟಾವಿನ ಸೂಚನೆ ಖೋಡವಾ ಚಿಗುರಿದ ಮೇಲೆ ಬಂದರೆ ಏನು ಫಲ? ಅದಕ್ಕೆ ಇನ್ನು ಮುಂದೆ ಎರಡೇ ದಿನದ ಅವಧಿ.

ಹೊಸ ತಳಿಯನ್ನು ಮೊದಲು ಎರಡು ಗುಂಟೆಯಲ್ಲಿ ಹಾಕಿ ನೋಡುವಂತೆ, ಇಡೀ ದಪ್ತರದ ಪ್ರತಿಯನ್ನು ಬೇರೆ ಗಣಕಯಂತ್ರದಲ್ಲಿ ತೆರೆದು, ಅಲ್ಲಿ ಮೊದಲು ಏರಿಸಿ, ಸಭಾಸದರ ಮತ್ತು ಟೋಕನ್‌ಗಳ ಎಣಿಕೆ ಎರಡೂ ಕಡೆ ತಾಳೆಯಾಗುವುದನ್ನು ನೋಡಲಾಗುವುದು. ತೆರೆದು ನೋಡದ ಪ್ರತಿ, ಮೊಳಕೆ ಪರೀಕ್ಷಿಸದ ಬೀಜದಂತೆ. ತಾಳೆಯಾಗದಿದ್ದರೆ ಆ ರಾತ್ರಿಯ ಕೆಲಸವನ್ನು ಮುಂದೂಡಲಾಗುವುದು. ಹಂಗಾಮು ಆರಂಭವಾದ ಮೇಲೆ ಮಾತ್ರ ಇದಕ್ಕೆ ಕೈ ಹಾಕುವುದಿಲ್ಲ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಎಲ್ಲರಿಗೂ ಒಂದು ಪರೀಕ್ಷಾ ಸೂಚನೆ ಬರುತ್ತದೆ. ಸಂಜೆಯವರೆಗೂ ಬಾರದಿದ್ದರೆ ಮೊದಲು ಮೊಬೈಲಿನ ಸೆಟ್ಟಿಂಗ್‌ನಲ್ಲಿ ಕಾರ್ಖಾನೆಯ ಆ್ಯಪ್‌ಗೆ ಸೂಚನೆಯ ಅನುಮತಿ ಇದೆಯೇ ನೋಡಿರಿ. ೨೦೨೨ರಲ್ಲಿ ಬಂದ ಆ್ಯಂಡ್ರಾಯ್ಡ್ ೧೩ರಿಂದ ಈ ಅನುಮತಿಯನ್ನು ಕೇಳಿಯೇ ಪಡೆಯಬೇಕಾಗಿದ್ದು, ಅವಸರದಲ್ಲಿ ಬೇಡ ಎಂದು ಒತ್ತಿದವರು ಬಹಳ. ಅನುಮತಿ ಇದ್ದೂ ಬಾರದಿದ್ದರೆ ಮೊಬೈಲು ಮತ್ತು ಸಭಾಸದ ಸಂಖ್ಯೆಯೊಂದಿಗೆ ಗಟ ಕಚೇರಿಗೆ ಬರಬೇಕು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕಟಾವಿನ ಚೀಟಿ ಹಿಂದಿನಂತೆಯೇ ಕೈಯಲ್ಲಿ ಮುಟ್ಟುತ್ತದೆ.