ಕ್ಯಾನ್ಸರ್ ಗುಣವಾದ ಮೇಲೂ ಹೃದಯದ ಕಡೆ ಗಮನವಿರಲಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, 'ಕಿಮೊ ತೆಗೆದುಕೊಂಡ ನಿಶ್ಶಕ್ತಿ, ಸರಿಹೋಗುತ್ತದೆ' ಎಂದು ನಾವು ಸಮಾಧಾನ ಹೇಳುತ್ತೇವೆ. ಹಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಅದು ಹೃದಯ ದುರ್ಬಲವಾಗಿರುವುದರ ಸೂಚನೆಯಾಗಿರಬಹುದು.

ಸ್ತನ ಕ್ಯಾನ್ಸರ್, ಲಿಂಫೋಮಾ ಮುಂತಾದ ರೋಗಗಳಿಗೆ ಕೊಡುವ ಕೆಂಪು ಬಣ್ಣದ ಔಷಧಿ ಡಾಕ್ಸೊರುಬಿಸಿನ್. ಅಡ್ರಿಯಾಮೈಸಿನ್ ಎಂಬ ಹೆಸರೂ ಇದಕ್ಕಿದೆ. 1960ರ ದಶಕದಲ್ಲಿ ಇಟಲಿಯಲ್ಲಿ ಕಂಡುಹಿಡಿದ ಈ ಔಷಧಿ ಅನೇಕರ ಜೀವ ಉಳಿಸಿದೆ. ಆದರೆ ಇದು ಹೃದಯದ ಸ್ನಾಯುವಿಗೂ ಹಾನಿ ಮಾಡಬಲ್ಲದು. ಪಡೆದ ಒಟ್ಟು ಪ್ರಮಾಣ ಹೆಚ್ಚಿದಂತೆ ಅಪಾಯವೂ ಏರುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿ.ಗ್ರಾಂ. ಪಡೆದಾಗ ಸುಮಾರು ಶೇ. 5 ಮಂದಿಗೆ, 550 ಮಿ.ಗ್ರಾಂ. ಪಡೆದಾಗ ಸುಮಾರು ಶೇ. 26 ಮಂದಿಗೆ ಹೃದಯ ವೈಫಲ್ಯ ಉಂಟಾಗಬಹುದು. ಆದುದರಿಂದಲೇ ವೈದ್ಯರು ಒಟ್ಟು ಪ್ರಮಾಣಕ್ಕೆ ಮಿತಿ ಹಾಕುತ್ತಾರೆ.

ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಕೂಡ ಹೃದಯದ ಬಲ ಕುಂದಿಸಬಹುದು. ಆದರೆ ಸಕಾಲದಲ್ಲಿ ಗುರುತಿಸಿ ಔಷಧಿಗೆ ಬಿಡುವು ಕೊಟ್ಟರೆ ಹೆಚ್ಚಿನವರ ಹೃದಯ ಚೇತರಿಸಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಲು ಹೇಳುವುದು ಇದಕ್ಕಾಗಿಯೇ. ಎಡ ಸ್ತನಕ್ಕೆ ಕೊಟ್ಟ ರೇಡಿಯೇಷನ್‌ನ ಪರಿಣಾಮ ಹತ್ತು, ಇಪ್ಪತ್ತು ವರ್ಷಗಳ ಬಳಿಕವೂ ಕಾಣಿಸಿಕೊಳ್ಳಬಹುದು.

ಹಾಗೆಂದು ಯಾರೂ ಹೆದರಿ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಡಬಾರದು. ನಿಲ್ಲಿಸುವ, ಬದಲಿಸುವ ತೀರ್ಮಾನ ವೈದ್ಯರದೇ. ನಾವು ಮಾಡಬೇಕಾದದ್ದು ಇಷ್ಟು:

* ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಳೆಯ ಹೃದ್ರೋಗ ಇದ್ದರೆ ಚಿಕಿತ್ಸೆಗೆ ಮೊದಲೇ ತಿಳಿಸುವುದು.
* ಔಷಧಿಗಳ ಹೆಸರು, ಪ್ರಮಾಣ ಇರುವ ಫೈಲನ್ನು ಜೋಪಾನವಾಗಿಡುವುದು. ಎಷ್ಟೇ ವರ್ಷ ಕಳೆದಿದ್ದರೂ ಹೊಸ ವೈದ್ಯರಿಗೆ ಅದನ್ನು ತೋರಿಸುವುದು.
* ಏದುಸಿರು, ಕಾಲು ಊತ, ಕೆಲವೇ ದಿನಗಳಲ್ಲಿ ತೂಕ ಏರುವುದು, ಎದೆಬಡಿತದಲ್ಲಿ ಏರುಪೇರು ಕಂಡರೆ ತಡಮಾಡದೆ ವೈದ್ಯರನ್ನು ಕಾಣುವುದು. ಎದೆನೋವು ಅಥವಾ ತೀವ್ರ ಉಸಿರಾಟದ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗುವುದು.

ವಾಳೆಗಳಲ್ಲಿ ರೋಗಿಗಳ ಮನೆಗೆ ಭೇಟಿ ನೀಡುವ ಗುರಿಕಾರರು ಮತ್ತು ಕಾರ್ಯಕರ್ತರು ಇನ್ನೊಂದು ಪ್ರಶ್ನೆ ಕೇಳಬಹುದು: 'ರಾತ್ರಿ ಚಪ್ಪಟೆಯಾಗಿ ಮಲಗಲು ಆಗುತ್ತದೆಯೇ, ಎರಡು ಮೂರು ದಿಂಬು ಬೇಕೇ?' ಮೊದಲು ಒಂದು ದಿಂಬು ಸಾಕಾಗುತ್ತಿದ್ದವರು ಈಗ ಕುಳಿತೇ ನಿದ್ರಿಸುತ್ತಿದ್ದರೆ, ಅವರನ್ನು ಬೇಗನೆ ವೈದ್ಯರ ಬಳಿ ಕರೆದೊಯ್ಯುವಂತೆ ಮನೆಯವರಿಗೆ ಹೇಳೋಣ. ಕ್ಯಾನ್ಸರನ್ನು ಗೆದ್ದು ಬಂದವರನ್ನು ನಮ್ಮ ಉದಾಸೀನದಿಂದ ಕಳೆದುಕೊಳ್ಳುವಂತಾಗಬಾರದು.