ಚಪ್ಪಟೆ ಪರದೆಯ ಟಿ.ವಿ. ಕೊಳ್ಳುವ ಮುನ್ನ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಉಪಗ್ರಹದ ಮೂಲಕ ನೇರವಾಗಿ ಬಂದವು. ನಮ್ಮ ರಾಜ್ಯದ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ಊರಿಗೊಂದು ಸೆಟ್ಟು, ಅದರ ಮುಂದೆ ಇಡೀ ಊರು. ಸೆಟ್ಟಿನ ಆಯ್ಕೆ, ಖರ್ಚು, ದುರಸ್ತಿ ಯಾವುದೂ ರೈತನ ಹೊಣೆಯಾಗಿರಲಿಲ್ಲ.

ಇಂದು ಪ್ರತಿ ಕುಟುಂಬವೂ ತನ್ನ ಹಣದಿಂದಲೇ ಟಿ.ವಿ. ಕೊಳ್ಳುತ್ತಿದೆ. 32ರಿಂದ 43 ಇಂಚಿನ ಮಧ್ಯಮ ಗಾತ್ರದ ಸೆಟ್ಟಿಗೆ ಹತ್ತು ಸಾವಿರದಿಂದ ಮೂವತ್ತು ಸಾವಿರ ರೂಪಾಯಿಯವರೆಗೆ ಬೆಲೆಯಿದೆ. ಸಣ್ಣ ಹಿಡುವಳಿದಾರನಿಗೆ ಇದು ಒಂದು ಬೆಳೆಯ ಬೀಜ, ಗೊಬ್ಬರದ ಹಣಕ್ಕೆ ಸಮ. ಅಂಗಡಿಯಲ್ಲಿ ಹೇಳುವ ಸಂಖ್ಯೆಗಳನ್ನು ನಂಬಿ ಕೊಳ್ಳುವ ಬದಲು ತನ್ನ ಮನೆಯ ಅಳತೆ, ಮನೆಗೆ ಬರುವ ಚಾನೆಲ್ಲು ಮತ್ತು ಮನೆಯ ವಿದ್ಯುತ್ತು, ಈ ಮೂರನ್ನು ನೋಡಿ ಕೊಂಡರೆ ಹಣ ಪೋಲಾಗುವುದಿಲ್ಲ.

ಪರದೆಯ ಅಳತೆ

ಟಿ.ವಿ.ಯ ಇಂಚುಗಳ ಲೆಕ್ಕ ಪರದೆಯ ಅಗಲವಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಟೇಪು ಹಿಡಿದು ಎರಡು ಅಳತೆಗಳನ್ನು ಬರೆದುಕೊಳ್ಳಬೇಕು: ಸೆಟ್ಟು ಇಡುವ ಜಾಗದ ಅಗಲ ಮತ್ತು ಆ ಜಾಗದಿಂದ ಜನ ಕೂರುವಲ್ಲಿಗೆ ಇರುವ ದೂರ. ಅಂಗಡಿಯಲ್ಲಿ ದೊರೆಯುವ ಮುಖ್ಯ ಗಾತ್ರಗಳ ವಿವರ ಹೀಗಿದೆ:

32 ಇಂಚು: ಪರದೆಯ ಅಗಲ ಸುಮಾರು 71 ಸೆಂ.ಮೀ., ಎತ್ತರ 40 ಸೆಂ.ಮೀ.; ಕೂರುವ ದೂರ 5ರಿಂದ 8 ಅಡಿ.
40 ಇಂಚು: ಅಗಲ ಸುಮಾರು 89 ಸೆಂ.ಮೀ., ಎತ್ತರ 50 ಸೆಂ.ಮೀ.; ಕೂರುವ ದೂರ 7ರಿಂದ 10 ಅಡಿ.
43 ಇಂಚು: ಅಗಲ ಸುಮಾರು 95 ಸೆಂ.ಮೀ., ಎತ್ತರ 53 ಸೆಂ.ಮೀ.; ಕೂರುವ ದೂರ 7ರಿಂದ 11 ಅಡಿ.

ಓರೆ ಅಳತೆಯ ಎರಡರಿಂದ ಮೂರು ಪಟ್ಟು ದೂರ ಎಂಬ ಸಾಧಾರಣ ಲೆಕ್ಕದಿಂದ ಈ ದೂರಗಳನ್ನು ಕೊಡಲಾಗಿದೆ. 32 ಮತ್ತು 43ರ ನಡುವೆ ಹನ್ನೊಂದೇ ಇಂಚು ವ್ಯತ್ಯಾಸವೆಂದು ತೋರಿದರೂ ಪರದೆಯ ವಿಸ್ತೀರ್ಣ ಸುಮಾರು ಒಂದು ಮುಕ್ಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ. ಹತ್ತು ಅಡಿ ಉದ್ದದ ನಡುಮನೆಗೆ 32 ಇಂಚು ಸಾಕು. ಹನ್ನೆರಡು ಅಡಿಗೂ ಮೀರಿದ ಪಡಸಾಲೆ, ಏಳೆಂಟು ಜನ ಕೂತು ನೋಡುವ ಕೂಡು ಕುಟುಂಬವಾದರೆ 40 ಅಥವಾ 43 ಇಂಚು ಸೂಕ್ತ.

ಚುಕ್ಕೆಗಳ ಲೆಕ್ಕ

ಚಪ್ಪಟೆ ಪರದೆಯ ಚಿತ್ರವು ಸಣ್ಣ ಚುಕ್ಕೆಗಳಿಂದ ಆಗುತ್ತದೆ. ‘ಎಚ್.ಡಿ. ರೆಡಿ’ ಸೆಟ್ಟಿನಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿರುತ್ತವೆ. ‘ಫುಲ್ ಎಚ್.ಡಿ.’ಯಲ್ಲಿ 1920 ಮತ್ತು 1080. ‘4ಕೆ’ಯಲ್ಲಿ 3840 ಮತ್ತು 2160. ಚುಕ್ಕೆ ಹೆಚ್ಚಾದಷ್ಟೂ ಬೆಲೆ ಹೆಚ್ಚು. ಆದರೆ ಆ ಹೆಚ್ಚಳ ಕಣ್ಣಿಗೆ ಕಂಡೀತೇ ಎಂಬುದನ್ನು ಮೊದಲು ಯೋಚಿಸಬೇಕು.

32 ಇಂಚಿನ ಎಚ್.ಡಿ. ರೆಡಿ ಪರದೆಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರು. ಆರೋಗ್ಯವಂತ ಕಣ್ಣಿಗೆ ಅಂಥ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದು ಸುಮಾರು ಆರು ಅಡಿಯವರೆಗೆ ಮಾತ್ರ. 43 ಇಂಚಿನ ಫುಲ್ ಎಚ್.ಡಿ. ಪರದೆಯ ಚುಕ್ಕೆಯೂ ಹೆಚ್ಚುಕಡಿಮೆ ಅಷ್ಟೇ ಅಗಲವಿದ್ದು, ಅದಕ್ಕೂ ಇದೇ ದೂರ ಅನ್ವಯಿಸುತ್ತದೆ. ಎಂಟು ಅಡಿ ದೂರ ಕೂತು ನೋಡುವವರಿಗೆ 43 ಇಂಚಿನಲ್ಲಿ ಫುಲ್ ಎಚ್.ಡಿ.ಗೂ 4ಕೆಗೂ ಚುಕ್ಕೆಗಳ ದೃಷ್ಟಿಯಿಂದ ಅಂತರ ತಿಳಿಯುವುದು ಕಷ್ಟ.

ಇನ್ನೊಂದು ಮಾತು. ಡಿಶ್ ಅಥವಾ ಕೇಬಲ್ಲಿನಲ್ಲಿ ಬರುವ ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ 576 ಸಾಲುಗಳಷ್ಟೇ ಇರುತ್ತವೆ. ಕೊಳವೆ ಬಾವಿಯಲ್ಲಿ ಒಂದೂವರೆ ಇಂಚು ನೀರಿರುವಾಗ ನಾಲ್ಕು ಇಂಚಿನ ಪೈಪು ಹಾಕಿದರೆ ನೀರು ಹೆಚ್ಚಾಗದು. ಹಾಗೆಯೇ ಸಾಧಾರಣ ಚಾನೆಲ್ಲನ್ನು 4ಕೆ ಪರದೆಯಲ್ಲಿ ಹಾಕಿದರೆ ಚಿತ್ರದ ವಿವರ ಹೆಚ್ಚಾಗುವುದಿಲ್ಲ. ದೊಡ್ಡ ಪರದೆಯಲ್ಲಿ ಅದು ಇನ್ನಷ್ಟು ಮಸುಕಾಗಿ ಕಾಣುವುದೂ ಉಂಟು. ಆದ್ದರಿಂದ 32 ಇಂಚಿಗೆ ಎಚ್.ಡಿ. ರೆಡಿ, 40 ಮತ್ತು 43 ಇಂಚಿಗೆ ಫುಲ್ ಎಚ್.ಡಿ. ಸಾಕು. 43 ಇಂಚಿನಲ್ಲಿ 4ಕೆ ಸೆಟ್ಟು ಅದೇ ಬೆಲೆಗೆ ದೊರೆತರೆ ಬೇಡವೆನ್ನಬೇಕಿಲ್ಲ. ಅದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡುವ ಅಗತ್ಯವಿಲ್ಲ.

ಪರದೆಯ ಬಗೆ

ಎಲ್.ಇ.ಡಿ. ಟಿ.ವಿ. ಎಂದು ಮಾರುವುದು ವಾಸ್ತವವಾಗಿ ಎಲ್.ಸಿ.ಡಿ. ಪರದೆ, ಅದರ ಹಿಂದಿನಿಂದ ಬೆಳಕು ಕೊಡುವುದು ಎಲ್.ಇ.ಡಿ. ದೀಪಗಳು. ಕ್ಯು.ಎಲ್.ಇ.ಡಿ. ಎಂಬುದೂ ಬಣ್ಣವನ್ನು ಉತ್ತಮಪಡಿಸಿದ ಇದೇ ಬಗೆಯದು. ಕೆಲವು ಪರದೆಗಳನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಮತ್ತೆ ಕೆಲವು ನೇರದಿಂದ ಚೆನ್ನಾಗಿ ಕಂಡು, ಪಕ್ಕಕ್ಕೆ ಸರಿದರೆ ಬಿಳಚಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಒಬ್ಬರು ಕುರ್ಚಿಯಲ್ಲಿ, ಒಬ್ಬರು ಚಾಪೆಯ ಮೇಲೆ, ಒಬ್ಬರು ಬಾಗಿಲ ಬಳಿ ಕೂತು ನೋಡುವುದರಿಂದ ಮೊದಲಿನ ಬಗೆಯೇ ಅನುಕೂಲ.

‘ಸ್ಮಾರ್ಟ್’ ಸೆಟ್ಟು ಬೇಕೇ?

ಅಂತರ್ಜಾಲದಿಂದ ಕಾರ್ಯಕ್ರಮ ನೋಡುವ ಸೌಲಭ್ಯ ಈಗ ಹೆಚ್ಚಿನ ಸೆಟ್ಟುಗಳಲ್ಲಿದೆ. ಬೇಸಾಯದ ವಿಡಿಯೋಗಳನ್ನು ಮನೆಯವರೆಲ್ಲ ಒಟ್ಟಿಗೆ ನೋಡಲು ಇದು ಉಪಯುಕ್ತ. ಆದರೆ ಸ್ಪಷ್ಟವಾದ ಚಿತ್ರಕ್ಕೆ ಗಂಟೆಗೆ 1ರಿಂದ 3 ಜಿ.ಬಿ. ಡೇಟಾ ಖರ್ಚಾಗುತ್ತದೆ. ದಿನಕ್ಕೆ 1.5 ಜಿ.ಬಿ. ಇರುವ ಮೊಬೈಲ್ ಪ್ಯಾಕಿನಲ್ಲಿ ಒಂದು ಗಂಟೆಯೂ ನಡೆಯದಿರಬಹುದು. ಊರಿನಲ್ಲಿ ಸಿಗ್ನಲ್ ದುರ್ಬಲವಾಗಿದ್ದರೆ ಈ ಸೌಲಭ್ಯಕ್ಕೆ ಕೊಟ್ಟ ಹಣ ನಿರುಪಯೋಗಿ. ಎಚ್.ಡಿ.ಎಂ.ಐ. ಕಿಂಡಿ ಇರುವ ಯಾವ ಸೆಟ್ಟಿಗೂ ಮುಂದೆ ಬೇಕಾದಾಗ ಪ್ರತ್ಯೇಕ ಸಾಧನವೊಂದನ್ನು ಚುಚ್ಚಿ ಈ ಅನುಕೂಲ ಪಡೆಯಬಹುದು.

ವಿದ್ಯುತ್ತು

32 ಇಂಚಿನ ಸೆಟ್ಟು ಸುಮಾರು 50 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 6 ಯೂನಿಟ್ಟು ಖರ್ಚು. 43 ಇಂಚಿನದು 90 ವ್ಯಾಟ್ ಆದರೆ ತಿಂಗಳಿಗೆ ಸುಮಾರು 11 ಯೂನಿಟ್ಟು. ಸೆಟ್ಟಿನ ಮೇಲೆ ಅಂಟಿಸಿದ ನಕ್ಷತ್ರ ಚೀಟಿಯಲ್ಲಿ ವರ್ಷದ ಬಳಕೆಯನ್ನು ಯೂನಿಟ್ಟುಗಳಲ್ಲಿ ಕೊಟ್ಟಿರುತ್ತಾರೆ; ಒಂದೇ ಗಾತ್ರದ ಎರಡು ಸೆಟ್ಟುಗಳನ್ನು ಹೋಲಿಸಲು ಅದನ್ನೇ ನೋಡತಕ್ಕದ್ದು.

ಅನೇಕರು ಗಮನಿಸದ ಖರ್ಚು ಸೆಟ್‌ಟಾಪ್ ಪೆಟ್ಟಿಗೆಯದು. ರಿಮೋಟಿನಿಂದ ಆರಿಸಿದರೂ ಅದು ವಿದ್ಯುತ್ ಎಳೆಯುತ್ತಲೇ ಇರುತ್ತದೆ. 8 ವ್ಯಾಟಿನ ಪೆಟ್ಟಿಗೆ ಹಗಲೂ ರಾತ್ರಿ ಚಾಲೂ ಇದ್ದರೆ ತಿಂಗಳಿಗೆ ಸುಮಾರು 6 ಯೂನಿಟ್ಟು, ಎಂದರೆ ಟಿ.ವಿ.ಯಷ್ಟೇ. ಗೋಡೆಯ ಸ್ವಿಚ್ಚಿನಲ್ಲೇ ಎರಡನ್ನೂ ಆರಿಸುವ ರೂಢಿ ಒಳ್ಳೆಯದು.

ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ಹಳ್ಳಿಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಸೆಟ್ಟಿನ ಹಿಂಬದಿಯ ಫಲಕದಲ್ಲಿ ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ಕೆಲಸ ಮಾಡುತ್ತದೆಂದು ಬರೆದಿರುತ್ತದೆ. 100ರಿಂದ 240 ಎಂದಿದ್ದರೆ ಕಡಿಮೆ ವೋಲ್ಟೇಜಿನ ಭಯವಿಲ್ಲ. ಅಪಾಯವಿರುವುದು ಏರಿಕೆಯಲ್ಲಿ. ಕಂಬದ ನ್ಯೂಟ್ರಲ್ ತಂತಿ ಕಡಿದರೆ ಮನೆಯ ವೋಲ್ಟೇಜು ಈ ಮಿತಿಯನ್ನು ಬಹಳ ಮೀರಬಹುದು. ಅಂಥ ಊರುಗಳಲ್ಲಿ ಹೆಚ್ಚು ವೋಲ್ಟೇಜು ಬಂದೊಡನೆ ಸಂಪರ್ಕ ಕಡಿಯುವ ಸ್ಟೆಬಿಲೈಜರನ್ನು ಸೆಟ್ಟಿನ ಜೊತೆಗೇ ಕೊಳ್ಳಬೇಕು. ಗುಡುಗು ಸಿಡಿಲು ಶುರುವಾಗುವ ಸೂಚನೆ ಕಂಡಾಗಲೇ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕಳಚಿಡಬೇಕು. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಬಾರದು. ಸ್ವಿಚ್ ಆರಿಸಿದರಷ್ಟೇ ಸಾಲದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

1. ಅಂಗಡಿಯಲ್ಲಿ ಪರದೆಯನ್ನು ಕಣ್ಣು ಕೋರೈಸುವಂತೆ ಇಟ್ಟಿರುತ್ತಾರೆ. ಮನೆಯ ಮಾದರಿಗೆ ಬದಲಿಸಿ ತೋರಿಸಲು ಕೇಳಬೇಕು.

2. ಪ್ರದರ್ಶನದ ಚಿತ್ರ ಬಿಟ್ಟು, ಮನೆಯಲ್ಲಿ ದಿನವೂ ನೋಡುವ ಸಾಧಾರಣ ಕನ್ನಡ ಚಾನೆಲ್ ಹಾಕಿಸಿ ನೋಡಬೇಕು.

3. ನೇರದಿಂದ, ಎಡಬಲಗಳಿಂದ, ನೆಲದ ಮೇಲೆ ಕೂತಷ್ಟು ಕೆಳಗಿನಿಂದ ನೋಡಿ ಬಣ್ಣ ಬದಲಾಗುವುದೇ ಎಂದು ಪರೀಕ್ಷಿಸಬೇಕು.

4. ಪೂರ್ತಿ ಬಿಳಿಯ ಚಿತ್ರದಲ್ಲಿ ಕಪ್ಪು ಕಲೆ, ಪೂರ್ತಿ ಕಪ್ಪು ಚಿತ್ರದಲ್ಲಿ ಅಂಚಿನಿಂದ ಸೋರುವ ಬೆಳಕು ಇದೆಯೇ ನೋಡಬೇಕು.

5. ಧ್ವನಿಯನ್ನು ಮುಕ್ಕಾಲು ಭಾಗ ಏರಿಸಿ ಮಾತು ಸ್ಪಷ್ಟವಾಗಿ ಕೇಳುವುದೇ ಗಮನಿಸಬೇಕು. ತೆಳು ಸೆಟ್ಟುಗಳಲ್ಲಿ ಸ್ಪೀಕರಿಗೆ ಜಾಗ ಕಡಿಮೆ.

6. ಕನಿಷ್ಠ ಎರಡು ಎಚ್.ಡಿ.ಎಂ.ಐ. ಕಿಂಡಿ, ಒಂದು ಯು.ಎಸ್.ಬಿ. ಕಿಂಡಿ ಇರಬೇಕು. ಮನೆಯಲ್ಲಿರುವ ಹಳೆಯ ಪೆಟ್ಟಿಗೆಯ ಮೂರು ಬಣ್ಣದ ತಂತಿ ಸೇರುವುದೇ ಕೇಳಿಕೊಳ್ಳಬೇಕು.

7. ಹಿಂಬದಿಯಲ್ಲಿ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು.

ಹಣದ ಲೆಕ್ಕ

ಸೆಟ್ಟಿನ ಬೆಲೆಯೊಂದೇ ಖರ್ಚಲ್ಲ. ಸ್ಟೆಬಿಲೈಜರ್, ಸಾಗಾಣಿಕೆ, ಡಿಶ್ ಇವುಗಳನ್ನೂ ಸೇರಿಸಬೇಕು. ತಿಂಗಳಿಗೆ 250 ರೂ. ಚಾನೆಲ್ ಶುಲ್ಕವಾದರೆ ಐದು ವರ್ಷಕ್ಕೆ 15,000 ರೂ.; ಅದು ಇನ್ನೊಂದು ಸೆಟ್ಟಿನ ಬೆಲೆ. 2004ರಲ್ಲಿ ಪ್ರಾರಂಭವಾದ ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ. ಚಂದನ ಮತ್ತು ಡಿ.ಡಿ. ಕಿಸಾನ್ ಅದರಲ್ಲಿ ದೊರೆಯುತ್ತವೆ. ಮನೆಯವರಿಗೆ ಬೇಕಾದ ಇತರ ಚಾನೆಲ್ಲುಗಳು ಅದರಲ್ಲಿ ಇವೆಯೇ ಎಂದು ವಿಚಾರಿಸಿ ನಿರ್ಧರಿಸಬಹುದು.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 20,000 ರೂ. ಬೆಲೆಯ ಸೆಟ್ಟಿಗೆ ಮೊದಲು 25,600 ರೂ. ಆಗುತ್ತಿದ್ದುದು ಈ ದರದಲ್ಲಿ 23,600 ರೂ. ಆಗುತ್ತದೆ. ಬಿಲ್ಲಿನಲ್ಲಿ ಶೇ. 18 ಇದೆಯೇ ನೋಡಿಕೊಳ್ಳಬೇಕು.

ಕಂತಿನ ವ್ಯಾಪಾರದಲ್ಲಿ ಎಚ್ಚರ ಅಗತ್ಯ. ಉದಾಹರಣೆಗೆ, ನಗದಿಗೆ 14,000 ರೂ. ಇರುವ ಸೆಟ್ಟನ್ನು 1,500 ರೂ.ಗಳ 10 ಕಂತು ಮತ್ತು 400 ರೂ. ಶುಲ್ಕಕ್ಕೆ ಕೊಂಡರೆ ಒಟ್ಟು 15,400 ರೂ. ಆಗುತ್ತದೆ. ಹೆಚ್ಚಿಗೆ ತೆತ್ತದ್ದು 1,400 ರೂ. ಮಾತ್ರವೆಂದು ತೋರಬಹುದು. ಆದರೆ ಸಾಲ ತಿಂಗಳು ತಿಂಗಳೂ ತೀರುತ್ತ ಬರುವುದರಿಂದ ವಾರ್ಷಿಕ ಬಡ್ಡಿ ಶೇ. 20ನ್ನು ಮೀರುತ್ತದೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬೆಳೆ ಸಾಲದ ಹಣವನ್ನು ಇದಕ್ಕೆ ತೊಡಗಿಸಕೂಡದು. ಸುಗ್ಗಿಯ ಹಣ ಕೈಸೇರಿದ ಮೇಲೆ ನಗದು ಕೊಟ್ಟು ಚೌಕಾಸಿ ಮಾಡಿ ಕೊಳ್ಳುವುದೇ ಲಾಭ.

ದುರಸ್ತಿ ಮತ್ತು ಖಾತರಿ

ಪರದೆ ಒಡೆದರೆ ಅದನ್ನು ಬದಲಿಸಲು ಸೆಟ್ಟಿನ ಬೆಲೆಯ ಬಹುಪಾಲು ಬೇಕಾಗುತ್ತದೆ. ಆದ್ದರಿಂದ ನೂರಾರು ರೂಪಾಯಿ ಕಡಿಮೆ ಎಂಬ ಕಾರಣಕ್ಕೆ ಹೆಸರೇ ಕೇಳದ ತಯಾರಕರ ಸೆಟ್ಟು ತರುವುದು ಸರಿಯಲ್ಲ. ತಾಲ್ಲೂಕು ಕೇಂದ್ರದಲ್ಲಿ ದುರಸ್ತಿ ಕೇಂದ್ರವಿದೆಯೇ, ಮೆಕ್ಯಾನಿಕ್ ನಿಮ್ಮ ಹಳ್ಳಿಗೆ ಬರುವನೇ ಎಂದು ಪಿನ್‌ಕೋಡ್ ಹೇಳಿ ಮೊದಲೇ ಕೇಳಬೇಕು. ಜಿ.ಎಸ್.ಟಿ. ಬಿಲ್ಲು, ಮೊಹರು ಹಾಕಿದ ಖಾತರಿ ಕಾರ್ಡು ಎರಡನ್ನೂ ಪಹಣಿ ಪತ್ರದಷ್ಟೇ ಜೋಪಾನವಾಗಿಡಬೇಕು. ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂ.ವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಇಡುವ ಕ್ರಮ

ಮಣ್ಣಿನ ಗೋಡೆಯಲ್ಲಿ ತಿರುಪು ಹಿಡಿಯದು. ಅಂಥಲ್ಲಿ ಗಟ್ಟಿ ಮೇಜಿನ ಮೇಲಿಡಬೇಕು. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕಿರಲಿ. ಕಿಟಕಿಯ ಎದುರು, ಒಲೆಯ ಹೊಗೆ ತಾಗುವಲ್ಲಿ ಇಡಬಾರದು. ಒಣಗಿದ ಮೆದು ಬಟ್ಟೆಯಿಂದ ಒರೆಸಬೇಕು, ನೀರು ಚಿಮುಕಿಸಬಾರದು. ಹಿಂಬದಿಯ ಬೆಳಕನ್ನು ಅರ್ಧದಿಂದ ಮುಕ್ಕಾಲಿಗೆ ಇಳಿಸಿಟ್ಟರೆ ದೀಪಗಳ ಬಾಳಿಕೆ ಹೆಚ್ಚುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಸೆಟ್ಟನ್ನು ಒಡೆದು ತಿಪ್ಪೆಗೆ ಹಾಕಬೇಡಿ. ಅದರ ಗಾಜಿನಲ್ಲಿ ಸೀಸವಿದ್ದು, ಗೊಬ್ಬರದೊಡನೆ ಹೊಲ ಸೇರುತ್ತದೆ. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ಒಟ್ಟಿನಲ್ಲಿ, ಸಾಧಾರಣ ನಡುಮನೆಗೆ ಪಕ್ಕದಿಂದಲೂ ಚೆನ್ನಾಗಿ ಕಾಣುವ 32 ಇಂಚಿನ ಎಚ್.ಡಿ. ರೆಡಿ ಸೆಟ್ಟು, ದೊಡ್ಡ ಪಡಸಾಲೆಗೆ 40 ಅಥವಾ 43 ಇಂಚಿನ ಫುಲ್ ಎಚ್.ಡಿ. ಸೆಟ್ಟು ಸೂಕ್ತ. ಹೆಚ್ಚಿನ ಚುಕ್ಕೆಗಳಿಗೆ ಕೊಡಬೇಕೆಂದಿದ್ದ ಹಣದಲ್ಲಿ ಸ್ಟೆಬಿಲೈಜರ್ ಕೊಂಡು, ಉಳಿದದ್ದನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳುವುದು ಜಾಣತನ.